ಓದದೆ ಬಿಟ್ಟ ಹತ್ತನೆಯ ವಚನ: ನದಿ, ದಡದ ಮರ ಮತ್ತು ಬೆಸ್ತರು

ತಪಸ್ಸುಕಾಲದ ನಾಲ್ಕನೆಯ ವಾರದ ಮಂಗಳವಾರ ಬಲಿಪೂಜೆಯ ಮೊದಲನೆಯ ವಾಚನವಾಗಿ ಯೆಜೆಕಿಯೇಲನ ಗ್ರಂಥದ 47ನೆಯ ಅಧ್ಯಾಯವನ್ನು ಆಲಿಸುತ್ತೇವೆ. ದೇವಾಲಯದ ಹೊಸ್ತಿಲ ಅಡಿಯಿಂದ ಜಿನುಗಿದ ನೀರು ಪಾದ ಮುಳುಗುವಷ್ಟಾಗಿ, ಮೊಣಕಾಲುದ್ದವಾಗಿ, ಸೊಂಟದುದ್ದವಾಗಿ, ಕಡೆಗೆ ಈಜಿಯೇ ದಾಟಬೇಕಾದ ಹೊಳೆಯಾಗುತ್ತದೆ. ಆ ದಿನಕ್ಕೆ ವಾಚನಗ್ರಂಥ ನಿಗದಿಪಡಿಸಿರುವುದು 1ರಿಂದ 9ರವರೆಗಿನ ವಚನಗಳನ್ನು ಮತ್ತು 12ನೆಯ ವಚನವನ್ನು. 10 ಮತ್ತು 11ನೆಯ ವಚನಗಳಿಗೆ ಅಲ್ಲಿ ಸ್ಥಳವಿಲ್ಲ. ನವೆಂಬರ್ 9ರಂದು ಆಚರಿಸುವ ಲ್ಯಾಟರನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬದಲ್ಲಿ ಇದೇ ಅಧ್ಯಾಯ ಇನ್ನೂ ಕಿರಿದಾಗಿ ಬರುತ್ತದೆ: 1-2, 8-9 ಮತ್ತು 12. ಅಲ್ಲಿ 10 ಮತ್ತು 11ರ ಜೊತೆಗೆ 7ನೆಯ ವಚನವೂ ಬಿಟ್ಟುಹೋಗಿದೆ.

ಬಿಟ್ಟುಹೋದ ವಚನಗಳಲ್ಲಿ ಇರುವುದೇನು? ಏಳನೆಯದರಲ್ಲಿ ನದಿಯ ಎರಡು ದಡಗಳಲ್ಲಿ ಕಂಡ ಬಹು ಮರಗಳು. ಹತ್ತನೆಯದರಲ್ಲಿ ಏನ್‌ಗೆದಿಯಿಂದ ಏನ್‌ಎಗ್ಲಯಿಮಿನವರೆಗೆ ಸಾಲಾಗಿ ನಿಂತು ಬಲೆ ಹರಡುವ ಬೆಸ್ತರು. ಹನ್ನೊಂದನೆಯದರಲ್ಲಿ ಸಿಹಿಯಾಗದೆ ಉಪ್ಪಿಗೇ ಉಳಿದ ಜವುಗು ನೆಲ. ಅಂದರೆ ಈ ಎರಡು ದಿನಗಳಲ್ಲಿ ಎಷ್ಟೇ ವರ್ಷ ತಪ್ಪದೆ ಬಲಿಪೂಜೆಗೆ ಬಂದ ವಿಶ್ವಾಸಿಯೂ ಯೆಜೆಕಿಯೇಲನ ನದಿಯ ತೀರದಲ್ಲಿ ಒಬ್ಬ ಬೆಸ್ತನೂ ನಿಂತಿರುವುದನ್ನು ಕೇಳಿರುವುದಿಲ್ಲ. ನೀರು ಉಂಟು, ಮೀನು ಉಂಟು, ಔಷಧದ ಎಲೆಗಳುಂಟು. ಹಿಡಿಯುವವನು ಇಲ್ಲ.

ವಾಚನಗಳನ್ನು ಆಯ್ದವರ ಮೇಲೆ ದೂರು ಹೊರಿಸಲು ಈ ಲೇಖನ ಹೊರಟಿಲ್ಲ. ತಪಸ್ಸುಕಾಲದ ಆ ದಿನದ ಶುಭಸಂದೇಶ ಬೆತ್ಸಥ ಕೊಳದ ಬಳಿಯ ರೋಗಿಯದು; ಅದರ ಪಕ್ಕದಲ್ಲಿ ಗುಣಪಡಿಸುವ ನೀರೇ ಮುಂದೆ ಬರಬೇಕಾದದ್ದು ಸಹಜ. ಪಾಸ್ಖ ರಾತ್ರಿಯ ಜ್ಞಾನಸ್ನಾನವನ್ನು ಎದುರು ನೋಡುತ್ತಿರುವ ಸಭೆಗೆ ಅಪರಿಚಿತ ಊರುಗಳ ಹೆಸರುಗಳೂ ಬಲೆಗಳ ವಿವರವೂ ಅಡ್ಡಮಾತೆನಿಸಿರಬಹುದು. ಪಾಸ್ಖ ಕಾಲದ ಪ್ರೋಕ್ಷಣದಲ್ಲಿ ಹಾಡುವ 'ವಿದಿ ಆಕ್ವಾಮ್' ಕೂಡ ಈ ಅಧ್ಯಾಯದಿಂದ ನೀರನ್ನಷ್ಟೇ ಎತ್ತಿಕೊಂಡಿದೆ. ಆರಾಧನೆ ಆಯ್ಕೆ ಮಾಡಲೇಬೇಕು. ನನ್ನ ಪ್ರಶ್ನೆ ಬೇರೆ: ಶತಮಾನಗಳಿಂದ ನೀರನ್ನು ಮಾತ್ರ ಎತ್ತಿಕೊಂಡ ಓದು, ನದಿಯನ್ನು ನೋಡುವ ನಮ್ಮ ಕಣ್ಣನ್ನೂ ಅದೇ ಅಳತೆಗೆ ಕುಗ್ಗಿಸಿಲ್ಲವೇ? ದಡವನ್ನು ಕಾಣದ ಓದು ದಡವನ್ನು ಕಾಣದ ಸೇವೆಯನ್ನು ಹುಟ್ಟಿಸಿದೆ ಎಂಬುದು ನನ್ನ ವಾದ.

ಪಠ್ಯದ ಕಟ್ಟಡವನ್ನು ಮೊದಲು ನೋಡೋಣ. ದೇವದೂತನು ಪ್ರವಾದಿಯನ್ನು ಸಾವಿರ ಸಾವಿರ ಮೊಳ ಅಳೆಯುತ್ತಾ ನೀರಿನೊಳಗೇ ನಡೆಸುತ್ತಾನೆ. ಆಗ ಪ್ರವಾದಿಗೆ ಕಾಣುವುದು ಆಳ ಮಾತ್ರ. ಆರನೆಯ ವಚನದಲ್ಲಿ, ಇದನ್ನು ಕಂಡೆಯಾ ಎಂದು ಕೇಳಿ ಅವನನ್ನು ದಡಕ್ಕೆ ಮರಳಿ ಕರೆತರುತ್ತಾನೆ. ಮರಳಿದ ಮೇಲೆಯೇ ಮರಗಳು ಕಣ್ಣಿಗೆ ಬೀಳುತ್ತವೆ. ಮರಗಳ ನಂತರ ಮೀನು, ಮೀನಿನ ನಂತರ ಬೆಸ್ತರು, ಬೆಸ್ತರ ನಂತರ ಜವುಗು, ಕಡೆಗೆ ಮತ್ತೆ ಮರಗಳು. ಮೀನು ಮತ್ತು ಮೀನುಗಾರಿಕೆಯ ಮಾತು ಎರಡು ಮರಸಾಲುಗಳ ನಡುವೆ, ನದಿಯೇ ಎರಡು ದಡಗಳ ನಡುವೆ ಹರಿಯುವ ಹಾಗೆ, ಇರಿಸಲ್ಪಟ್ಟಿದೆ. ಈ ಚೌಕಟ್ಟು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಬಾಬಿಲೋನಿನ ಕೆಬಾರ್ ಕಾಲುವೆಯ ದಡದಲ್ಲಿ ದೇಶಭ್ರಷ್ಟನಾಗಿ ಬದುಕಿದ ಪ್ರವಾದಿಗೆ ನೀರೆಂದರೆ ಅದರ ದಡವೂ ಸೇರಿಯೇ ನೀರು.

ಧರ್ಮಪಿತೃಗಳ ಕಾಲಕ್ಕೇ ಈ ಬೆಸ್ತರು ತೀರವನ್ನು ಬಿಟ್ಟು ಮೇಲೇರಿದ್ದರು. ಸಂತ ಜೆರೋಮರು ಯೆಜೆಕಿಯೇಲನ ವ್ಯಾಖ್ಯಾನದಲ್ಲಿ, ಇವರು ಯೇಸುಸ್ವಾಮಿ ಮನುಷ್ಯರನ್ನು ಹಿಡಿಯಲು ಕರೆದ ಪ್ರೇಷಿತರೇ ಎಂದು ಅರ್ಥೈಸಿದರು. ಯೊವಾನ್ನನ ಶುಭಸಂದೇಶದ 153 ಮೀನುಗಳನ್ನೂ ಇಲ್ಲಿಗೆ ತಂದು, ಮೀನಿನ ಜಾತಿಗಳು ಅಷ್ಟೇ ಎಂದು ಬರೆದ ಪ್ರಾಚೀನರನ್ನು ನೆನೆದರು. ಸುಂದರವಾದ ಓದು, ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಆದರೆ ಹತ್ತನೆಯ ವಚನದ ಬೆಸ್ತ ಪ್ರೇಷಿತನಾದ ಕ್ಷಣದಿಂದ ಅವನ ಬಲೆ ಒಣಗಲು ಬೇಕಾದ ದಡ ವ್ಯಾಖ್ಯಾನಕಾರರಿಗೆ ಅನಗತ್ಯವಾಯಿತು. ಜೆರೋಮರಿಗೆ ಜಾತಿಗಳ ಎಣಿಕೆಯಾದರೂ ಮುಖ್ಯವಾಗಿತ್ತು; ನಮ್ಮ ಪ್ರಬೋಧನೆಗಳಲ್ಲಿ ಅದೂ ಇಲ್ಲ.

ಇನ್ನೊಂದು ಅಭ್ಯಾಸವೂ ನಮ್ಮನ್ನು ದಾರಿ ತಪ್ಪಿಸಿದೆ. ನದಿ ಮತ್ತು ಮರ ಎಂದೊಡನೆ ನಾವು ಮೊದಲನೆಯ ಕೀರ್ತನೆಗೂ ಯೆರೆಮೀಯನ 17ನೆಯ ಅಧ್ಯಾಯಕ್ಕೂ ಹೋಗುತ್ತೇವೆ. ಅಲ್ಲಿ ಮರವು ನೀರಿನ ಋಣದಲ್ಲಿದೆ: ನೀರಿನ ಬಳಿ ನೆಟ್ಟದ್ದರಿಂದ ಅದು ಬಾಡುವುದಿಲ್ಲ. ದೇವರನ್ನು ನಂಬಿದವನ ಚಿತ್ರವಾಗಿ ಅದು ಸರಿಯೇ. ಆದರೆ ಪುನರುಕ್ತಿಯಿಂದ ಅದು ನಮ್ಮ ಮನಸ್ಸಿನಲ್ಲಿ ಪ್ರಕೃತಿಶಾಸ್ತ್ರವಾಗಿಯೂ ನೆಲೆಗೊಂಡಿದೆ: ನದಿ ಕೊಡುತ್ತದೆ, ಮರ ಪಡೆಯುತ್ತದೆ. ಹಾಗಿದ್ದರೆ ದಡದ ಮರವನ್ನು ಕಡಿದರೆ ನಷ್ಟ ಮರದ್ದೇ, ನದಿಯದಲ್ಲ.

ಕಾವೇರಿಯ ದಡದಲ್ಲಿ ಒಂದು ಬೇಸಿಗೆಯ ಮಧ್ಯಾಹ್ನ ಕುಳಿತವರಿಗೆ ಈ ಲೆಕ್ಕ ತಲೆಕೆಳಗೆಂದು ತಿಳಿಯುತ್ತದೆ. ಹೊಳೆಮತ್ತಿ, ಅತ್ತಿ, ನೇರಳೆ, ಹೊಂಗೆ, ನಡುನಡುವೆ ಬಿದಿರ ಮೆಳೆ ಮತ್ತು ಲಕ್ಕಿಯ ಪೊದೆ: ಇದು ಆ ನದಿಯ ಸಹಜ ಅಂಚು. ಮರದ ನೆರಳು ಬಿದ್ದ ನೀರು ತಂಪಾಗಿರುತ್ತದೆ, ತಂಪಾದ ನೀರು ಹೆಚ್ಚು ಪ್ರಾಣವಾಯುವನ್ನು ಹಿಡಿದಿಡುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ಹೊಳೆ ಬತ್ತಿ ಮಡುಗಳಾಗಿ ಒಡೆಯುವ ಏಪ್ರಿಲ್‌ನಲ್ಲಿ ಮೀನಿನ ಅಳಿವು ಉಳಿವು ಈ ಅಂತರದಲ್ಲಿದೆ. ಉದುರಿದ ಎಲೆ ನೀರಿನಲ್ಲಿ ಕೊಳೆತು ಬೂಷ್ಟಿಗೆ, ಹುಳುಗಳಿಗೆ ಆಹಾರವಾಗುತ್ತದೆ. ಆ ಹುಳುಗಳು ಮೀನಿಗೆ. ನದಿಯ ಮೇಲ್ಭಾಗದ ಕಿರುತೊರೆಗಳಲ್ಲಿ ಜೀವಜಾಲ ಬಹುಮಟ್ಟಿಗೆ ದಡದ ಎಲೆಗಳನ್ನೇ ಅವಲಂಬಿಸಿದೆ ಎಂಬುದು 1980ರಲ್ಲಿ ರಾಬಿನ್ ವ್ಯಾನೋಟ್ ಮತ್ತು ಸಂಗಡಿಗರು ಮಂಡಿಸಿದ ಸಿದ್ಧಾಂತದ ತಿರುಳು. ಅತ್ತಿಯ ಹಣ್ಣು ನೀರಿಗೆ ಬಿದ್ದ ಸದ್ದಿಗೆ ಮಹಶೀರ್ ಮೇಲೇಳುವುದನ್ನು ಗಾಳದವರೆಲ್ಲ ಬಲ್ಲರು. ಬೇರುಗಳು ಮಣ್ಣನ್ನು ಹಿಡಿಯುತ್ತವೆ. ಬೇರು ಹೋದರೆ ದಡ ಕುಸಿದು ಹೂಳು ನದಿಯ ತಳದ ಗೊರಜುಗಲ್ಲುಗಳ ಸಂದುಗಳನ್ನು ಮುಚ್ಚುತ್ತದೆ, ಅಲ್ಲಿ ಮೊಟ್ಟೆಯಿಡುವ ಮೀನಿಗೆ ಎಡೆಯಿಲ್ಲದಾಗುತ್ತದೆ.

ಮೀನಿನ ಹಿಂದೆ ಉಳಿದವರೂ ಇದ್ದಾರೆ. ನೀರುನಾಯಿ ದಡದ ಬೇರುಗಳ ಪೊಟರೆಯಲ್ಲಿ, ಬಂಡೆಗಳ ಎಡೆಯಲ್ಲಿ, ಪೊದೆಯ ಮರೆಯಲ್ಲಿ ಮರಿಗಳನ್ನು ಸಾಕುತ್ತದೆ. ಮೀನುಗೂಬೆಗೆ ಹಗಲು ಕಳೆಯಲು ನೀರಂಚಿನ ದಟ್ಟ ಕೊಂಬೆ ಬೇಕು. ಕಾವೇರಿ ವನ್ಯಜೀವಿಧಾಮದ ಹೊಳೆಯಂಚಿನ ಕಾಡಿನಲ್ಲಿ ಬದುಕುವ ಬೂದು ಬಣ್ಣದ ದೊಡ್ಡ ಅಳಿಲು ಕೊಂಬೆಯಿಂದ ಕೊಂಬೆಗೆ ಸಾಗುವ ಪ್ರಾಣಿ. ಮರಸಾಲು ನಡುವೆ ತುಂಡಾದರೆ ಅದರ ಲೋಕವೇ ತುಂಡಾಗುತ್ತದೆ. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ನದಿಯ ನಡುಗಡ್ಡೆಗಳ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತಿದ್ದುದರಿಂದ. ನೀರೊಂದೇ ಇದ್ದಿದ್ದರೆ ಸಲೀಂ ಅಲಿಯವರಿಗೆ ಅಲ್ಲಿ ನೋಡಲು ಅಷ್ಟೇನೂ ಇರುತ್ತಿರಲಿಲ್ಲ. ಬೆಸ್ತನಿಗೆ ನೀರುನಾಯಿಯ ಮೇಲೆ ಪ್ರೀತಿಯಿಲ್ಲ ನಿಜ, ಅದು ಬಲೆ ಹರಿಯುತ್ತದೆ. ಆದರೂ ಇಬ್ಬರ ಅನ್ನವೂ ಒಂದೇ ದಡದಲ್ಲಿದೆ.

ಎಲ್ಲ ಅಳಿವಿಗೂ ಮರ ಕಡಿದದ್ದೇ ಕಾರಣವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕಾವೇರಿಗೆ ವಿಶಿಷ್ಟವಾದ ಡುಬ್ಬದ ಮಹಶೀರ್ ಯಾವ ಪ್ರಭೇದವೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ, ಅದು ವಿನಾಶದ ಅಂಚಿಗೆ ಬಂದಾಗ. ಬೇರೆ ನದಿಗಳ ಮಹಶೀರ್ ಮರಿಗಳನ್ನು ಹೊಳೆಗೆ ಬಿಟ್ಟದ್ದು, ಅಣೆಕಟ್ಟುಗಳು, ಮರಳುಗಾರಿಕೆ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಇವೆಲ್ಲ ಅದರ ಅವನತಿಯ ಕಥೆಯಲ್ಲಿವೆ. ಮರವಿಲ್ಲದ ದಡ ಈಗಾಗಲೇ ಬಳಲಿದ ನದಿಗೆ ಕೊಡುವ ಇನ್ನೊಂದು ಪೆಟ್ಟು. ಆದರೆ ಅಣೆಕಟ್ಟು ನಮ್ಮ ಕೈಮೀರಿದ್ದು. ದಡ ಹಲವೆಡೆ ನಮ್ಮ ಬೇಲಿಯ ಒಳಗೇ ಇದೆ.

ಇಲ್ಲಿ ನನ್ನದೊಂದು ಪ್ರಸಂಗವನ್ನು ಹೇಳಬೇಕಾಗಿದೆ, ಹೇಳದಿದ್ದರೆ ಈ ವಿಮರ್ಶೆ ಪರರ ಮೇಲಿನ ಟೀಕೆಯಾದೀತು. ಗುರುದೀಕ್ಷೆಯಾದ ಹೊಸತರಲ್ಲಿ ನದೀತೀರದ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ವಾರ್ಷಿಕ ಹಬ್ಬಕ್ಕೆ ಜನ ಹೆಚ್ಚುತ್ತಿದ್ದರು. ನೀರಿನವರೆಗೆ ಮೆಟ್ಟಿಲು, ಅದರ ಮೇಲೆ ಪ್ರಾರ್ಥನಾಕೂಟಕ್ಕೆ ಬಯಲು ಬೇಕೆಂದು ನಿರ್ಧಾರವಾಯಿತು. ದೇವಾಲಯಕ್ಕೆ ಸೇರಿದ ಅಂಚಿನ ಹೊಳೆಮತ್ತಿಗಳು, ಹೊಂಗೆಗಳು, ಎರಡು ಹಳೆಯ ಅತ್ತಿಮರಗಳು ಹೋದವು. 1976ರ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಅನುಮತಿ ಪಡೆದೇ ಕಡಿಸಿದೆವು. ಕಾಗದಪತ್ರಗಳನ್ನು ಸಿದ್ಧಪಡಿಸಿದವನು ನಾನೇ. ಮುಂದಿನ ತಪಸ್ಸುಕಾಲದಲ್ಲಿ ಅದೇ ಮೆಟ್ಟಿಲ ಮೇಲೆ ನಿಂತು ಯೆಜೆಕಿಯೇಲನ ನದಿಯ ಬಗ್ಗೆ ಪ್ರಬೋಧನೆ ನೀಡಿದೆ. ಚೆನ್ನಾಗಿತ್ತೆಂದು ಹಲವರು ಹೇಳಿದರು. ಆ ಊರಿನ ಉಪದೇಶಿ, ಬೆಸ್ತರ ಮನೆತನದವರು, ವಯಸ್ಸಾದವರು, ಪೂಜೆಯ ನಂತರ ಬಳಿಗೆ ಬಂದು ಇಷ್ಟೇ ಅಂದರು: "ಸ್ವಾಮಿ, ನೆರಳು ಹೋದ ಮಡೂಲಿ ಮೀನು ನಿಲ್ಲಾಕಿಲ್ಲ." ಪ್ರಬೋಧನೆಗೂ ಈ ಮಾತಿಗೂ ಏನು ಸಂಬಂಧವೆಂದು ನನಗೆ ಆ ದಿನ ಹೊಳೆಯಲಿಲ್ಲ. ಹಲವು ವರ್ಷಗಳ ನಂತರ, ಗುರುಮಠದ ತರಗತಿಗಾಗಿ ಪೂರ್ಣ ಅಧ್ಯಾಯವನ್ನು ವಾಚನಗ್ರಂಥದ ಪಕ್ಕದಲ್ಲಿಟ್ಟು ಓದುವಾಗ, ಅವರು ಹೇಳಿದ್ದು ಹತ್ತನೆಯ ವಚನವನ್ನೇ ಎಂದು ತಿಳಿಯಿತು. ನಾನು ಆ ದಿನ ಓದದೆ ಬಿಟ್ಟಿದ್ದ ವಚನವನ್ನು.

ಜಗದ್ಗುರು ಫ್ರಾನ್ಸಿಸರ 2015ರ 'ಲೌದಾತೋ ಸಿ' ವಿಶ್ವಪತ್ರ ಈ ಕುರುಡನ್ನು ನೀಗಿಸಿತೇ? ಬಹುಮಟ್ಟಿಗೆ ಹೌದು, ಆದರೆ ದಡದ ವಿಷಯದಲ್ಲಿ ಪೂರ್ತಿ ಅಲ್ಲ. ಪತ್ರದ ಮೊದಲ ಅಧ್ಯಾಯದಲ್ಲಿ ನೀರಿನ ಸಮಸ್ಯೆ 27ರಿಂದ 31ನೆಯ ಪರಿಚ್ಛೇದಗಳಲ್ಲಿದೆ; ಜೀವವೈವಿಧ್ಯದ ನಷ್ಟ 32ರಿಂದ 42ರಲ್ಲಿ. ನೀರಿನ ಭಾಗ ಮುಖ್ಯವಾಗಿ ಕುಡಿಯುವ ನೀರಿನ ಹಕ್ಕನ್ನು ಕುರಿತದ್ದು, ಬಡವರ ಪರವಾದ ತೀಕ್ಷ್ಣ ದನಿಯಲ್ಲಿದೆ. ಜೀವವೈವಿಧ್ಯದ ಭಾಗದಲ್ಲಿ ಕಾಡು, ಜೌಗು, ಕಾಂಡ್ಲಾವನ, ಹವಳದ ದಿಬ್ಬಗಳಿವೆ. 35ನೆಯದು ಹೆದ್ದಾರಿ, ಬೇಲಿ, ಅಣೆಕಟ್ಟುಗಳು ಪ್ರಾಣಿಗಳ ನೆಲೆಯನ್ನು ತುಂಡರಿಸುವುದನ್ನು ಹೇಳಿ, ಅವುಗಳ ಸಂಚಾರಕ್ಕೆ ದಾರಿ ಉಳಿಸುವುದನ್ನೂ ನೆನೆಯುತ್ತದೆ. 48ನೆಯದು ಮೀನಿನ ಸಂಪತ್ತು ಕ್ಷೀಣಿಸಿದಾಗ ಸಣ್ಣ ಮೀನುಗಾರ ಸಮುದಾಯಗಳೇ ಮೊದಲು ನೋಯುತ್ತವೆಂದು ಗುರುತಿಸುತ್ತದೆ. ಹೀಗೆ ಬೆಸ್ತರು ಮರಳಿ ಬಂದಿದ್ದಾರೆ. ಇದು ಚಿಕ್ಕ ಸಂಗತಿಯಲ್ಲ. ಆದರೂ ನೀರು ಒಂದು ಶೀರ್ಷಿಕೆಯಡಿ, ಮರ ಇನ್ನೊಂದರಡಿ, ಬೆಸ್ತರು ಮೂರನೆಯದರಡಿ ಇದ್ದಾರೆ. ಮೀನು ಕುಗ್ಗಲು 40ನೆಯ ಪರಿಚ್ಛೇದ ಎತ್ತಿ ಹೇಳುವ ಕಾರಣ ಮಿತಿಮೀರಿದ ಮೀನುಗಾರಿಕೆ. ಮರ ಕಡಿದದ್ದರಿಂದಲೂ ಬಲೆ ಬರಿದಾಗುತ್ತದೆ ಎಂಬ ಕೊಂಡಿ ಓದುಗನೇ ಹಾಕಿಕೊಳ್ಳಬೇಕಾದದ್ದು. ಎಲ್ಲವೂ ಪರಸ್ಪರ ಬೆಸೆದಿದೆ ಎಂದು ಪತ್ರ ಮತ್ತೆ ಮತ್ತೆ ಹೇಳುತ್ತದೆ. ನದೀದಡ ಆ ಮಾತಿನ ಅತಿ ಸರಳ ನಿದರ್ಶನವಾಗಿದ್ದೂ ಅದರಲ್ಲಿ ಉದಾಹರಣೆಯಾಗದೆ ಉಳಿಯಿತು.

ವಿಶ್ವಪತ್ರಕ್ಕಿಂತ ನಮ್ಮ ಅನುಸರಣೆಯ ಕೊರತೆ ದೊಡ್ಡದು. ಜೂನ್ 5 ಬಂದರೆ ಧರ್ಮಕೇಂದ್ರಗಳಲ್ಲಿ ಸಸಿ ನೆಡುತ್ತೇವೆ. ಹಲವೆಡೆ ಅವು ಸುಲಭವಾಗಿ ಸಿಗುವ ಸಿಲ್ವರ್ ಓಕ್ ಅಥವಾ ಅಕೇಶಿಯ. ನಿಂತ ಮರವನ್ನು ಉಳಿಸುವುದಕ್ಕೆ ದಿನಾಚರಣೆಯಿಲ್ಲ, ಛಾಯಾಚಿತ್ರವೂ ಇಲ್ಲ. ಸಂತ ಥಾಮಸ್ ಅಕ್ವಿನಾಸರು 'ಸುಮ್ಮಾ'ದ ಮೊದಲ ಭಾಗದ 47ನೆಯ ಪ್ರಶ್ನೆಯಲ್ಲಿ, ಒಂದು ಸೃಷ್ಟಿಯಲ್ಲಿ ಕೊರತೆಯಾದದ್ದನ್ನು ಇನ್ನೊಂದು ತುಂಬಲೆಂದೇ ದೇವರು ಬಹುವಿಧವಾಗಿ ಸೃಷ್ಟಿಸಿದರು ಎಂದು ವಿವರಿಸುತ್ತಾರೆ. 'ಲೌದಾತೋ ಸಿ' 86ರಲ್ಲಿ ಇದನ್ನು ನೆನೆಯುತ್ತದೆ. ಯೆಜೆಕಿಯೇಲನ ಮರಗಳು ತಿಂಗಳು ತಿಂಗಳೂ ಫಲ ಕೊಡುತ್ತವೆ. ಕಾವೇರಿ ದಡದ ಯಾವ ಒಂದು ಮರವೂ ಹಾಗೆ ಕೊಡಲಾರದು. ಆದರೆ ವರ್ಷದಲ್ಲಿ ಹಲವು ಬಾರಿ ಹಣ್ಣಾಗುವ ಅತ್ತಿ, ಮುಂಗಾರಿನ ಹೊಸ್ತಿಲಲ್ಲಿ ಉದುರುವ ನೇರಳೆ, ಬೇಸಿಗೆಯಲ್ಲಿ ಹೂ ಸುರಿಸುವ ಹೊಂಗೆ, ಇವು ಕೂಡಿ ನಿಂತಾಗ ನೀರಿಗೆ ಏನಾದರೂ ಬೀಳದ ತಿಂಗಳು ಅಪರೂಪ. ಒಂದೇ ಜಾತಿಯ ನೂರು ಸಸಿ ಈ ಕೆಲಸವನ್ನು ಮಾಡುವುದಿಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪವನ್ನು ಎದುರಿಸಬೇಕು. ಯೆಜೆಕಿಯೇಲನಿಗೆ ಆಮ್ಲಜನಕದ ಅರಿವಿರಲಿಲ್ಲ. ಅವನ ನದಿ ದರ್ಶನದ ನದಿ, ಅದರ ಮೂಲ ದೇವರ ಸಾನ್ನಿಧ್ಯ. ಇಂದಿನ ಪರಿಸರ ವಿಜ್ಞಾನವನ್ನು ಅವನ ಬಾಯಲ್ಲಿ ಇಡುವುದು ಜೆರೋಮರು ಪ್ರೇಷಿತರನ್ನು ಇಟ್ಟುದಕ್ಕಿಂತ ಹೇಗೆ ಭಿನ್ನ? ತರಗತಿಯಲ್ಲಿ ವಿದ್ಯಾರ್ಥಿಯೊಬ್ಬರು ಹೀಗೆಯೇ ಕೇಳಿದರು, ಪ್ರಶ್ನೆ ನ್ಯಾಯವಾದದ್ದು. ನನ್ನ ಉತ್ತರ ಪಠ್ಯದ ಒಂದು ಪದಪುಂಜದಿಂದ ಹೊರಡುತ್ತದೆ. 12ನೆಯ ವಚನ ದಡದ ಮರಗಳನ್ನು 'ಏತ್ಸ್ ಮಆಖಾಲ್' ಎನ್ನುತ್ತದೆ, ಆಹಾರದ ಮರ. ಇದೇ ಪದಪುಂಜ ಧರ್ಮೋಪದೇಶಕಾಂಡದ 20ನೆಯ ಅಧ್ಯಾಯದಲ್ಲಿದೆ. ಊರಿಗೆ ಮುತ್ತಿಗೆ ಹಾಕಿದ ಸೈನ್ಯ ಆಹಾರದ ಮರಗಳನ್ನು ಕಡಿಯಬಾರದು. ಆಹಾರ ಕೊಡದ ಮರವೆಂದು ಗೊತ್ತಿದ್ದರೆ ಕಡಿದು ಮುತ್ತಿಗೆಯ ಸಾಧನ ಮಾಡಿಕೊಳ್ಳಬಹುದು. ಅಲ್ಲಿ ಆಹಾರ ಮನುಷ್ಯನದೆಂಬುದು ಸ್ಪಷ್ಟ. ಆ ನಿಯಮವನ್ನೇ ಅಕ್ಷರಶಃ ಹಿಡಿದರೆ ನಾವು ಕಡಿಸಿದ ಹೊಳೆಮತ್ತಿಗೆ ರಕ್ಷಣೆಯಿಲ್ಲ. ಅದರ ಕಾಯಿಯನ್ನು ಯಾರೂ ತಿನ್ನುವುದಿಲ್ಲ. ಯೆಜೆಕಿಯೇಲನಾದರೋ ಆಹಾರ ಯಾರಿಗೆ, ಎಲೆಯ ಔಷಧ ಯಾರಿಗೆ ಎಂದು ಹೇಳುವುದಿಲ್ಲ. ಪ್ರಕಟನಾ ಗ್ರಂಥದ 22ನೆಯ ಅಧ್ಯಾಯ ಇದೇ ಚಿತ್ರವನ್ನು ಬಳಸುವಾಗ ಎಲೆಗಳು ಜನಾಂಗಗಳಿಗೆ ಎಂದು ಸೇರಿಸುತ್ತದೆ. ಆ ಸೇರ್ಪಡೆಯನ್ನು ನಾವು ಹಿಂದಕ್ಕೆ ಒಯ್ದು ಪ್ರವಾದಿಯ ಮೌನವನ್ನು ತುಂಬಿಬಿಟ್ಟಿದ್ದೇವೆ.

ಪ್ರವಾದಿ ಮೀನನ್ನೂ ಮನಸ್ಸಿನಲ್ಲಿಟ್ಟು ಹಾಗೆ ಬರೆದನೆಂದು ನಾನು ಸಾಧಿಸಲಾರೆ. ಅವನ ನೇರ ಅರ್ಥ ಮನುಷ್ಯರ ಆಹಾರವೇ ಆಗಿದ್ದೀತು. ನಾನು ಹೇಳಬಲ್ಲದ್ದು ಇಷ್ಟು: ಆಹಾರದ ಮರ ಯಾವುದೆಂಬ ಪ್ರಶ್ನೆಗೆ ಪಠ್ಯ ತೆರೆದಿಟ್ಟ ಬಾಗಿಲನ್ನು ಬೆಸ್ತನ ಅನುಭವ ಪ್ರವೇಶಿಸಬಹುದು. ಹೊಳೆಮತ್ತಿಯ ಎಲೆ ಹುಳುವಿಗೆ, ಹುಳು ಮೀನಿಗೆ, ಮೀನು ಬೆಸ್ತನ ಮನೆಗೆ. ಆ ದಾರಿಯಲ್ಲಿ ಅದೂ ಆಹಾರದ ಮರವೇ. ಜೆರೋಮರ ಓದಿಗೂ ಇದಕ್ಕೂ ಇರುವ ಅಂತರವೂ ಇಲ್ಲಿದೆ. ಅವರದು ಬೆಸ್ತನನ್ನು ಇನ್ನೊಬ್ಬನನ್ನಾಗಿ ಮಾಡಿತು. ಇದು ಅವನನ್ನು ನಿಂತಲ್ಲೇ ನಿಲ್ಲಿಸಿ, ಅವನ ಸುತ್ತಲಿನದನ್ನು ನೋಡುತ್ತದೆ.

ಹನ್ನೊಂದನೆಯ ವಚನ ಇನ್ನೂ ಕಷ್ಟದ್ದು. ಜೀವಜಲ ಹರಿದರೂ ಸಿಹಿಯಾಗದ ಜವುಗು. ಉಪ್ಪು ಜನರಿಗೂ ದೇವಾಲಯದ ಬಲಿಗಳಿಗೂ ಬೇಕಾದದ್ದರಿಂದ ದೇವರು ಅದನ್ನು ಹಾಗೆ ಉಳಿಸಿದರೆಂದು ವ್ಯಾಖ್ಯಾನಕಾರರು ಹೇಳುತ್ತಾರೆ, ಒಪ್ಪಬಹುದು. ನನಗೆ ಅದರಲ್ಲಿ ಇನ್ನೊಂದು ಎಚ್ಚರವೂ ಕಾಣುತ್ತದೆ: ನದಿಯ ಪ್ರತಿ ಅಂಗುಲವನ್ನೂ ನಮ್ಮ ಅನುಕೂಲಕ್ಕೆ ತಿದ್ದಬೇಕಿಲ್ಲ. ಪೊದೆ, ಕೆಸರು, ಹಾವಿನ ಭಯವಿರುವ ಅಂಚನ್ನು ಕಂಡರೆ ಚೊಕ್ಕಟಗೊಳಿಸಿ ಮೆಟ್ಟಿಲು ಕಟ್ಟಬೇಕೆನಿಸುತ್ತದೆ. ಭಕ್ತರ ಅನುಕೂಲವೂ ಸುಳ್ಳಲ್ಲ. ಮೆಟ್ಟಿಲಿಲ್ಲದೆ ವೃದ್ಧರು ನೀರಿಗೆ ಇಳಿಯಲಾರರು. ನಾಲ್ಕು ಮಾರು ಮೆಟ್ಟಿಲಿಗೆ ನೂರು ಮಾರು ದಡ ಬೋಳಾಗಬೇಕಿತ್ತೇ ಎಂಬುದು ಆಗ ನಮ್ಮ ಸಭೆಯಲ್ಲಿ ಏಳಬೇಕಿದ್ದ ಪ್ರಶ್ನೆ. ಏಳಲಿಲ್ಲ, ಉಪದೇಶಿಯನ್ನು ನಾವು ಸಭೆಗೆ ಕರೆದಿರಲಿಲ್ಲ.

ಕಳೆದ ತಪಸ್ಸುಕಾಲದಲ್ಲಿ ಆ ಊರಿಗೆ ಹೋಗಿದ್ದೆ. ಉಪದೇಶಿ ಈಗಿಲ್ಲ. ಅವರ ಮಗ ಹರಿಗೋಲು ಹಾಕುತ್ತಾರೆ. ಮೆಟ್ಟಿಲ ಕೆಳಗಿನ ಮಡು ಹೂಳು ತುಂಬಿ ಮೊಣಕಾಲುದ್ದಕ್ಕೆ ಬಂದಿದೆ. ಬೀಸುಬಲೆ ಹೆಗಲಿಗೇರಿಸಿಕೊಂಡು ಅವರು ಆಚೆ ದಡಕ್ಕೆ ಹೊರಟಿದ್ದರು. ಅಲ್ಲಿ ಯಾರದೋ ಪಾಳುಬಿದ್ದ ಹೊಲದ ಅಂಚಿನಲ್ಲಿ ಏಳೆಂಟು ಹೊಳೆಮತ್ತಿಗಳು ಇನ್ನೂ ನಿಂತಿವೆ. "ಬತ್ತೀರಾ ಸ್ವಾಮಿ?" ಎಂದರು. ಹೋದೆ. ಅವರು ಬಲೆ ಬೀಸಿದ್ದು ನೆರಳು ಬಿದ್ದ ಕಡೆಗೇ.